ಗೋಡೆಯಲ್ಲಿ ಹುದುಗಿದ ಪೆಟ್ಟಿಗೆ

ಸ್ಮರಣ ಸಂಚಿಕೆಯೆಂದೊಡನೆ ಹಳೆಯ ದಿನಗಳ ನೆನಪು, ಗುರುಗಳ ಗುಣಕಥನ, ಶಾಲೆಯ ಅಭಿವೃದ್ಧಿಯ ವೃತ್ತಾಂತ ಇವುಗಳನ್ನೇ ವಾಚಕರು ನಿರೀಕ್ಷಿಸುವುದು ಸಹಜ. ಅವನ್ನು ಚೆನ್ನಾಗಿ ಬರೆಯಬಲ್ಲವರು ಈ ಸಂಚಿಕೆಯಲ್ಲಿ ಅನೇಕರಿದ್ದಾರೆ. ನಾವು ಮಾತ್ರ ಈ ಬಾರಿ ಒಂದು ಅತ್ಯಲ್ಪವಾದ ವಸ್ತುವನ್ನು ಕುರಿತು ನಾಲ್ಕು ಮಾತು ಬರೆಯಲು ಮನಸ್ಸು ಮಾಡಿದ್ದೇವೆ. ಅದು ನಮ್ಮ ನಮ್ಮ ಮನೆಗಳ ಗೋಡೆಗಳಲ್ಲಿ ಹುದುಗಿರುವ ವಿದ್ಯುತ್ ಪೆಟ್ಟಿಗೆ. ಸ್ವಿಚ್ ಬೋರ್ಡೆಂದು ನಾವು ಕರೆಯುವುದರ ಹಿಂದೆ ಅಡಗಿರುವ ತಗಡಿನ ಅಥವಾ ಪ್ಲಾಸ್ಟಿಕ್ಕಿನ ಗೂಡು. ದಿನಕ್ಕೆ ಇಪ್ಪತ್ತು ಸಲ ಅದರತ್ತ ಕೈಚಾಚುತ್ತೇವೆ. ವರ್ಷಕ್ಕೊಂದು ಸಲವೂ ಅದನ್ನು ಪರೀಕ್ಷಿಸಿ ನೋಡುವುದಿಲ್ಲ. ಅದು ಕೆಟ್ಟಾಗ ಯಾವುದನ್ನು ನಾವೇ ಸರಿಪಡಿಸಿಕೊಳ್ಳಬಹುದು, ಎಲ್ಲಿ ಕೈ ಹಿಂತೆಗೆಯಬೇಕು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಈ ವಿಷಯವನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಆರ್. ಟಿ. ನಗರದಲ್ಲಿ ನಾವು ವಾಸವಾಗಿರುವ ಮನೆಯ ನಡುಮನೆಯಲ್ಲಿ ಇಸ್ತ್ರಿಪೆಟ್ಟಿಗೆಗಾಗಿ ಇರುವ ಬೋರ್ಡು ಬಹುಕಾಲದಿಂದ ಸಡಿಲವಾಗಿತ್ತು. ಪ್ಲಗ್ಗನ್ನು ಕೀಳುವಾಗ ಬೋರ್ಡೂ ಅದರೊಡನೆ ಅರ್ಧ ಅಂಗುಲ ಹೊರಕ್ಕೆ ಬರುತ್ತಿತ್ತು. ಒಂದು ಕೈಯಿಂದ ಬೋರ್ಡನ್ನು ಒತ್ತಿಹಿಡಿದು ಮತ್ತೊಂದರಿಂದ ಪ್ಲಗ್ಗನ್ನು ಎಳೆಯುವುದು ನಮಗೆ ರೂಢಿಯಾಗಿಹೋಗಿತ್ತು. ಬಿರುಕಿಗೆ ಟೇಪನ್ನು ಅಂಟಿಸಿ, ರಜೆ ಬಂದಾಗ ನೋಡಿಕೊಂಡರಾಯಿತೆಂದು ಎರಡು ರಜೆಗಳನ್ನು ಕಳೆದೆವು. ನಮ್ಮ ಮನೆಗೆಲಸಕ್ಕೆ ಬರುವ ಹೆಂಗಸು ಒಂದು ದಿನ, “ಅಮ್ಮಾ, ಈ ಬೋರ್ಡು ಮುಟ್ಟಿದರೆ ಕೈ ಜುಂ ಅನ್ನುತ್ತೆ” ಎಂದಳು. ನಾವು ಹೋಗಿ ಮುಟ್ಟಿ ನೋಡಿದೆವು, ನಮಗೇನೂ ಆಗಲಿಲ್ಲ. “ಒದ್ದೆ ಕೈಯಲ್ಲಿ ಮುಟ್ಟಬೇಡಮ್ಮ” ಎಂದು ಬುದ್ಧಿ ಹೇಳಿ ನಮ್ಮ ಕೆಲಸಕ್ಕೆ ಹೊರಟೆವು. ಹದಿನೈದು ದಿನಗಳ ಮೇಲೆ, ಮಳೆ ಹಿಡಿದ ಒಂದು ಬೆಳಿಗ್ಗೆ, ನೆಲ ಒರೆಸುತ್ತಿದ್ದ ಆಕೆ ಏಳುವುದಕ್ಕೆಂದು ಗೋಡೆಗೆ ಕೈಕೊಟ್ಟಾಗ ಬೆರಳು ಬೋರ್ಡಿನ ತಿರುಪುಮೊಳೆಗೆ ತಾಗಿತು. ಕೂಗು ಕೇಳಿ ನಾವು ಓಡಿಬರುವಷ್ಟರಲ್ಲಿ ಆಕೆ ನೆಲದ ಮೇಲೆ ಬಿದ್ದಿದ್ದಳು. ದೇವರ ಕೃಪೆಯಿಂದ ಪ್ರಾಣಕ್ಕೆ ಅಪಾಯವಾಗಲಿಲ್ಲ; ಬಲಗೈ ಮಾತ್ರ ಎರಡು ದಿನ ಮರಗಟ್ಟಿದಂತಿತ್ತು. ಆಕೆ ಹೇಳಿದ್ದ ಮಾತು ನಿಜವಾಗಿತ್ತು. ನಾವು ಹೇಳಿದ್ದ ಬುದ್ಧಿ ಸುಳ್ಳಾಗಿತ್ತು. ಅಂದಿನಿಂದ ಈ ಪೆಟ್ಟಿಗೆಯ ವಿಚಾರವನ್ನು ಬಲ್ಲವರಿಂದ ಕೇಳಿ, ಓದಿ, ಕಣ್ಣಾರೆ ಕಂಡು ತಿಳಿದುಕೊಂಡೆವು. ತಿಳಿದುದನ್ನು ನಿಮ್ಮ ಮುಂದಿಡುತ್ತಿದ್ದೇವೆ.

ನಮ್ಮ ನಾಡಿಗೆ ವಿದ್ಯುತ್ತು ಹೊಸದಲ್ಲ. ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪತ್ತಿಯಾದ ವಿದ್ಯುಚ್ಛಕ್ತಿಯು ಮೊದಲು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಅಂದಿನಿಂದ ಈಚೆಗೆ ಮನೆಯೊಳಗಿನ ಬೋರ್ಡು ಮೂರು ವೇಷಗಳನ್ನು ತೊಟ್ಟಿದೆ. ಮೊದಲನೆಯದು ಗೋಡೆಯ ಮೇಲೆ ಕೂರಿಸಿದ ಮರದ ಪೆಟ್ಟಿಗೆ. ಅದಕ್ಕೆ ಬರುವ ತಂತಿಗಳೂ ಮರದ ಪಟ್ಟಿಗಳ ಮೇಲೆ ಕಣ್ಣಿಗೆ ಕಾಣುವಂತೆ ಹಾದುಬರುತ್ತಿದ್ದವು. ಹಳೆಯ ಯಲಹಂಕದ ಊರೊಳಗಿನ ಮನೆಗಳಲ್ಲಿಯೂ ಯಶವಂತಪುರದ ಹಳೆಯ ಬೀದಿಗಳಲ್ಲಿಯೂ ಇಂಥವನ್ನು ಈಗಲೂ ಕಾಣಬಹುದು. ಎರಡನೆಯದು, ಗೋಡೆಯನ್ನು ಕೊರೆದು ತಗಡಿನ ಪೆಟ್ಟಿಗೆಯನ್ನು ಹುದುಗಿಸಿ, ತಂತಿಗಳನ್ನು ಕೊಳವೆಯ ಮೂಲಕ ಗಾರೆಯೊಳಗೇ ತರುವ ಕ್ರಮ. ಮೂರನೆಯದು ಇಂದಿನ ಮಾಡ್ಯುಲರ್ ಬೋರ್ಡು. ಅದಕ್ಕೂ ಹಿಂದೆ ತಗಡಿನದೋ ಪ್ಲಾಸ್ಟಿಕ್ಕಿನದೋ ಪೆಟ್ಟಿಗೆ ಇದ್ದೇ ಇರುತ್ತದೆ. ವೇಷ ಯಾವುದಾದರೂ ಪೆಟ್ಟಿಗೆಯ ಕರ್ತವ್ಯ ಒಂದೇ: ತಂತಿಗಳು ಕೂಡುವ ಜಾಗವನ್ನು ಮನುಷ್ಯರ ಕೈಯಿಂದ ಕಾಪಾಡುವುದು, ಅಲ್ಲಿ ಕಿಡಿ ಹುಟ್ಟಿದರೆ ಅದನ್ನು ಹೊರಗೆ ಬಿಡದಿರುವುದು, ಪ್ಲಗ್ಗನ್ನು ಎಳೆಯುವ ಬಲ ತಂತಿಗಳ ಮೇಲೆ ಬೀಳದಂತೆ ತಾನೇ ಹೊರುವುದು.

ಪೆಟ್ಟಿಗೆಯೊಳಗೆ ಬರುವ ತಂತಿಗಳು ಮೂರು ಬಗೆಯವು. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ನಮ್ಮ ವಿದ್ಯಾರ್ಥಿನಿಯರು ಇವನ್ನು ಸಜೀವ ತಂತಿ, ತಟಸ್ಥ ತಂತಿ, ಭೂಸಂಪರ್ಕ ತಂತಿ ಎಂದು ಕಂಠಪಾಠ ಮಾಡುತ್ತಾರೆ. ಕೆಲಸಗಾರರು ಫೇಸ್, ನ್ಯೂಟ್ರಲ್, ಅರ್ತ್ ಎನ್ನುತ್ತಾರೆ. ಫೇಸಿನ ತಂತಿ ಸಾಮಾನ್ಯವಾಗಿ ಕೆಂಪು. ಹಳದಿ ಅಥವಾ ನೀಲಿಯೂ ಇರಬಹುದು. ನ್ಯೂಟ್ರಲ್ ಕಪ್ಪು, ಅರ್ತ್ ಹಸಿರು. ಆದರೆ ಕೈಗೆ ಸಿಕ್ಕಿದ ಬಣ್ಣವನ್ನು ಎಳೆದು ಕೆಲಸ ಮುಗಿಸಿದವರೂ ಇರುವುದರಿಂದ ಬಣ್ಣವನ್ನು ನಂಬಿ ತಂತಿಯನ್ನು ಮುಟ್ಟಲಾಗದು. ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ಒತ್ತಡ 230 ವೋಲ್ಟು. ಒಣಗಿದ ಚರ್ಮವು ವಿದ್ಯುತ್ತಿಗೆ ಸಾಕಷ್ಟು ತಡೆಯನ್ನು ಒಡ್ಡುತ್ತದೆ. ಒದ್ದೆಯಾದ ದೇಹದ ತಡೆ ಸುಮಾರು 1000 ಓಮಿಗೆ ಇಳಿಯಬಹುದು. ಆಗ ದೇಹದ ಮೂಲಕ ಹರಿಯುವುದು 230 ಮಿಲಿಆಂಪಿಯರ್. ಒಂದು ಮಿಲಿಆಂಪಿಯರಿಗೆ ಕೈ ಜುಂ ಎನ್ನುತ್ತದೆ. ಹತ್ತರ ಆಸುಪಾಸಿನಲ್ಲಿ ಸ್ನಾಯುಗಳು ಬಿಗಿದು, ಹಿಡಿದದ್ದನ್ನು ಬಿಡಲಾಗದ ಸ್ಥಿತಿ ಬರುತ್ತದೆ. ಮೂವತ್ತನ್ನು ಮೀರಿ ಸ್ವಲ್ಪ ಹೊತ್ತು ಹರಿದರೆ ಹೃದಯದ ಲಯವೇ ಕೆಡುವ ಭಯವುಂಟು. ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಮ್ಮ ಮನೆಯ ಪ್ರಸಂಗ ತಾನಾಗಿ ಅರ್ಥವಾಗುತ್ತದೆ.

ಬೋರ್ಡನ್ನು ಬಿಚ್ಚಿಸಿದಾಗ ಕಂಡದ್ದು ಇಷ್ಟು. ಸುತ್ತಲಿನ ಗಾರೆ ಉದುರಿ ತಗಡಿನ ಪೆಟ್ಟಿಗೆ ಗೋಡೆಯ ಹಿಡಿತವನ್ನು ಕಳೆದುಕೊಂಡಿತ್ತು. ಪ್ಲಗ್ಗನ್ನು ಎಳೆದಾಗಲೆಲ್ಲ ಪೆಟ್ಟಿಗೆ ಅಲುಗಿ, ಕೊಳವೆಯಿಂದ ಒಳಬರುವ ಫೇಸಿನ ತಂತಿ ತಗಡಿನ ಹರಿತವಾದ ಅಂಚಿಗೆ ಉಜ್ಜುತ್ತಿತ್ತು. ದಿನಗಳು ಕಳೆದಂತೆ ತಂತಿಯ ಮೇಲಿನ ಹೊದಿಕೆ ಸವೆದು ತಾಮ್ರವು ತಗಡಿಗೆ ತಾಗಿತು. ಪೆಟ್ಟಿಗೆಗೆ ಕಟ್ಟಬೇಕಾಗಿದ್ದ ಹಸಿರು ತಂತಿ ಕಳಚಿ ಒಂದು ಮೂಲೆಯಲ್ಲಿ ಮುದುರಿ ಬಿದ್ದಿತ್ತು. ಹೀಗಾಗಿ ಇಡೀ ಪೆಟ್ಟಿಗೆಯೂ, ಅದಕ್ಕೆ ಮುಚ್ಚಳವನ್ನು ಬಿಗಿದಿದ್ದ ತಿರುಪುಮೊಳೆಗಳೂ ಸಜೀವವಾದವು. ನಾವು ಮನೆಯೊಳಗೂ ರಬ್ಬರಿನ ಚಪ್ಪಲಿ ತೊಡುವ ಅಭ್ಯಾಸದವರು. ಒಣಗಿದ ನೆಲದ ಮೇಲೆ ನಿಂತು ಒಣಗಿದ ಬೆರಳಿನಿಂದ ಮುಟ್ಟಿದೆವು. ವಿದ್ಯುತ್ತಿಗೆ ನಮ್ಮ ಮೂಲಕ ನೆಲಕ್ಕೆ ದಾರಿ ಸಿಗಲಿಲ್ಲ. ಆಕೆಯಾದರೋ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು, ತಾನೇ ಒರೆಸಿದ ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತಿದ್ದಳು. ಮನೆಯ ಯಜಮಾನಿಗೆ ತಾಗದ ವಿದ್ಯುತ್ತು ಮನೆಯನ್ನು ಒರೆಸುವವಳಿಗೆ ತಾಗುವುದು ಹೀಗೆ. ಸ್ನಾನದ ಮನೆಯಿಂದ ಒದ್ದೆಗಾಲಿನಲ್ಲಿ ಬರುವ ಮಗುವಿಗೂ, ಅಡಿಗೆಮನೆಯಲ್ಲಿ ಪಾತ್ರೆ ತೊಳೆದ ಕೈಯಿಂದ ಸ್ವಿಚ್ಚು ಹಾಕುವ ತಾಯಿಗೂ ಇದೇ ಮಾತು ಅನ್ವಯಿಸುತ್ತದೆ. ಆದಕಾರಣ, ‘ನಮಗೇನೂ ಆಗಲಿಲ್ಲ’ ಎಂಬುದು ಪರೀಕ್ಷೆಯಲ್ಲ. ಬೋರ್ಡನ್ನು ಬೆರಳಿನಿಂದ ಪರೀಕ್ಷಿಸುವುದು ಅವಿವೇಕವೆಂಬುದನ್ನೂ ಸೇರಿಸಿ ಹೇಳುತ್ತೇವೆ.

ಸಡಿಲವಾದ ಪೆಟ್ಟಿಗೆಯಿಂದ ಇನ್ನೊಂದು ಕೇಡುಂಟು, ಅದು ಬೆಂಕಿ. ಪೆಟ್ಟಿಗೆ ಅಲುಗಾಡಿದಂತೆಲ್ಲ ಸಾಕೆಟ್ಟಿನ ಹಿಂದೆ ತಂತಿಯನ್ನು ಹಿಡಿದಿರುವ ತಿರುಪುಗಳೂ ಸಡಿಲವಾಗುತ್ತವೆ. ಸಡಿಲವಾದ ಕೂಡುಗೆಯಲ್ಲಿ ತಡೆ ಹೆಚ್ಚು. ತಡೆ ಇರುವಲ್ಲಿ ಶಾಖ ಹುಟ್ಟುತ್ತದೆ. 2000 ವ್ಯಾಟಿನ ಗೀಸರೊಂದು ಸುಮಾರು 8.7 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಕೂಡುಗೆಯಲ್ಲಿ ಅರ್ಧ ಓಮಿನಷ್ಟು ತಡೆಯಿದ್ದರೂ ಅಲ್ಲಿ ಹುಟ್ಟುವ ಶಾಖ ಸುಮಾರು 38 ವ್ಯಾಟ್. ರೇಡಿಯೋ ರಿಪೇರಿಯವರು ಸೀಸವನ್ನು ಕರಗಿಸುವ ಬೆಸುಗೆಯ ಸಲಾಕೆಗೆ 25 ವ್ಯಾಟ್ ಸಾಕೆಂಬುದನ್ನು ನೆನೆದರೆ, ಉಗುರಿನಷ್ಟು ಜಾಗದಲ್ಲಿ 38 ವ್ಯಾಟ್ ಏನು ಮಾಡಬಲ್ಲುದೆಂಬುದನ್ನು ಊಹಿಸಬಹುದು. ಮುಚ್ಚಳದ ಮೇಲೆ ಕಂದುಬಣ್ಣದ ಕಲೆ, ಸುಟ್ಟ ವಾಸನೆ, ಚಟಪಟ ಸದ್ದು, ಮಿನುಗುವ ದೀಪ, ಮುಟ್ಟಿದರೆ ಬೆಚ್ಚಗಿರುವ ಪ್ಲಗ್ಗು ಇವೆಲ್ಲ ಆ ಶಾಖದ ಮುನ್ಸೂಚನೆಗಳು.

ಪೆಟ್ಟಿಗೆಗೆ ಒದಗುವ ಕೇಡುಗಳನ್ನು ನಾವು ಎರಡು ಪಾಲು ಮಾಡಿಕೊಳ್ಳತಕ್ಕದ್ದು. ಮೊದಲನೆಯವು ಮೈಯ ಕೇಡುಗಳು: ಮುಚ್ಚಳ ಒಡೆಯುವುದು, ತಿರುಪುಮೊಳೆ ಕಳೆದುಹೋಗುವುದು, ಸುತ್ತಲಿನ ಗಾರೆ ಉದುರುವುದು, ಗೋಡೆಗೆ ಮತ್ತೊಮ್ಮೆ ಗಾರೆ ಬಳಿದುದರಿಂದ ಪೆಟ್ಟಿಗೆ ಆಳಕ್ಕೆ ಸರಿದುಹೋಗುವುದು. ಎರಡನೆಯವು ಜೀವದ ಕೇಡುಗಳು: ತಂತಿಯ ಹೊದಿಕೆ ಸವೆಯುವುದು, ಸುಡುವುದು, ಒಳಗೆ ನೀರಿಳಿಯುವುದು, ಅರ್ತ್ ತಂತಿ ಇಲ್ಲದಿರುವುದು, ತಗಡು ತುಕ್ಕು ಹಿಡಿದು ತೂತಾಗುವುದು. ಮೊದಲನೆಯವನ್ನು, ವಿದ್ಯುತ್ತನ್ನು ಸಂಪೂರ್ಣವಾಗಿ ನಿಲ್ಲಿಸಿದ ಮೇಲೆ, ತಾಳ್ಮೆಯುಳ್ಳ ಗೃಹಿಣಿಯು ತಾನೇ ಸರಿಪಡಿಸಬಹುದು. ಎರಡನೆಯವಕ್ಕೆ ಲೈಸೆನ್ಸುಳ್ಳ ಎಲೆಕ್ಟ್ರಿಷಿಯನ್ನನ್ನೇ ಕರೆಯಬೇಕು. ನಮ್ಮ ದೇಶದ ವಿದ್ಯುತ್ ಸುರಕ್ಷತೆಯ ನಿಯಮಗಳೂ ಈ ಭೇದವನ್ನು ಎಣಿಸುತ್ತವೆ. ದೀಪ, ಪಂಖ, ಫ್ಯೂಸು, ಸ್ವಿಚ್ಚು ಮೊದಲಾದವುಗಳನ್ನು ಅವುಗಳ ಸಾಮರ್ಥ್ಯವೂ ಸ್ವರೂಪವೂ ಬದಲಾಗದಂತೆ ಬೇರೆಯವನ್ನು ಹಾಕಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಅದನ್ನು ಮೀರಿದ ಕೆಲಸ ಲೈಸೆನ್ಸುಳ್ಳ ಗುತ್ತಿಗೆದಾರರ ಮೂಲಕವೇ ಆಗತಕ್ಕದ್ದು. ನಾವು ನಮಗಾಗಿ ಇನ್ನೂ ಬಿಗಿಯಾದ ಗೆರೆಯೊಂದನ್ನು ಎಳೆದುಕೊಂಡಿದ್ದೇವೆ: ತಂತಿಯನ್ನು ಅದರ ತಿರುಪಿನಿಂದ ಬಿಡಿಸಬೇಕಾಗಿ ಬಂದೊಡನೆ ನಮ್ಮ ಕೆಲಸ ಮುಗಿಯಿತು.

ಈಗ ವಿದ್ಯುತ್ತನ್ನು ನಿಲ್ಲಿಸುವ ಕ್ರಮ. ಬೋರ್ಡಿನ ಮೇಲಿರುವ ಸ್ವಿಚ್ಚನ್ನು ಆರಿಸಿದರೆ ಸಾಲದು; ಅದರ ಹಿಂಬದಿಯ ತಂತಿ ಸಜೀವವಾಗಿಯೇ ಇರುತ್ತದೆ. ಮೀಟರಿನ ಬಳಿಯಲ್ಲಿಯೋ ಬಾಗಿಲ ಮೇಲೆಯೋ ಇರುವ ಮುಖ್ಯ ಪೆಟ್ಟಿಗೆಯಲ್ಲಿ ಮೈನ್ ಸ್ವಿಚ್ಚನ್ನೇ ಕೆಳಗಿಳಿಸಬೇಕು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದನ್ನೂ ಆರಿಸಿ, ಅದರಿಂದ ಮನೆಗೆ ಹೊರಡುವ ಸಂಪರ್ಕವನ್ನೂ ತಪ್ಪಿಸಬೇಕು. ಕರೆಂಟು ಹೋಯಿತೆಂದು ತಿಳಿದ ಕ್ಷಣದಲ್ಲಿ ಬ್ಯಾಟರಿಯಿಂದ ಅದೇ 230 ವೋಲ್ಟನ್ನು ತಂತಿಗಳಿಗೆ ಕೊಡುವುದೇ ಆ ಯಂತ್ರದ ಕೆಲಸವಷ್ಟೆ. ಬೆಸ್ಕಾಂನವರು ಕರೆಂಟು ತೆಗೆದಿರುವ ಸಮಯವನ್ನು ನಂಬಿ ಬೋರ್ಡನ್ನು ಬಿಚ್ಚುವುದಂತೂ ಕೂಡದು. ಅದು ಯಾವಾಗ ಹಿಂತಿರುಗುವುದೆಂದು ಹೇಳಬಲ್ಲವರಾರು? ಮೈನ್ ಸ್ವಿಚ್ಚಿನ ಮೇಲೆ “ಕೆಲಸ ನಡೆಯುತ್ತಿದೆ, ಹಾಕಬೇಡಿ” ಎಂಬ ಚೀಟಿಯನ್ನು ಅಂಟಿಸಿ, ಮನೆಯ ಎಲ್ಲರಿಗೂ ತಿಳಿಸಿಡಬೇಕು.

ನಿಲ್ಲಿಸಿದ ಮೇಲೆ, ನಿಂತಿದೆಯೆಂಬುದನ್ನು ಖಚಿತ ಮಾಡಿಕೊಳ್ಳಬೇಕು. ದೀಪ ಉರಿಯದಿದ್ದರೆ ಕರೆಂಟಿಲ್ಲವೆಂದು ತಿಳಿಯುವುದು ಬಹು ಸಾಮಾನ್ಯವಾದ ಭ್ರಮೆ. ನ್ಯೂಟ್ರಲ್ ತಂತಿ ತುಂಡಾಗಿದ್ದರೂ ದೀಪ ಉರಿಯದು. ಆದರೆ ಫೇಸು ಅಲ್ಲಿಯೇ ಹೊಂಚುಹಾಕಿರುತ್ತದೆ. ಆದುದರಿಂದ ಟೆಸ್ಟರನ್ನು ಮೊದಲು ಕರೆಂಟಿರುವಾಗಲೇ ಒಂದು ಸಾಕೆಟ್ಟಿನಲ್ಲಿ ಇಟ್ಟು ಅದು ಬೆಳಗುವುದನ್ನು ನೋಡಿಕೊಳ್ಳಬೇಕು. ಆಮೇಲೆ ಮೈನನ್ನು ಇಳಿಸಿ, ಕೆಲಸ ಮಾಡಬೇಕಾದ ಬೋರ್ಡಿನ ಎಲ್ಲ ರಂಧ್ರಗಳನ್ನೂ, ಮುಚ್ಚಳ ತೆಗೆದ ಬಳಿಕ ಒಳಗಿನ ಎಲ್ಲ ತಿರುಪುಗಳನ್ನೂ ತಗಡಿನ ಪೆಟ್ಟಿಗೆಯನ್ನೂ ಪರೀಕ್ಷಿಸಬೇಕು. ಟೆಸ್ಟರಿನ ಪುಟ್ಟ ದೀಪ ಬಿಸಿಲಿನ ಬೆಳಕಿನಲ್ಲಿ ಕಾಣದೆಹೋಗುವುದರಿಂದ ಕೈಯನ್ನು ಮರೆಮಾಡಿ ನೋಡುವುದು ಒಳ್ಳೆಯದು. ಒಂದು ವೇಳೆ ಯಾವುದಾದರೊಂದು ಕಡೆ ಟೆಸ್ಟರ್ ಬೆಳಗಿದರೆ, ಮುಚ್ಚಳವನ್ನು ಮತ್ತೆ ಮುಚ್ಚಿ ಎಲೆಕ್ಟ್ರಿಷಿಯನ್ನನ್ನು ಕರೆಯಿರಿ. ಮುಂದಿನ ಯಾವ ಕೆಲಸವೂ ನಿಮ್ಮದಲ್ಲ. ಕಾಲಿಗೆ ಒಣಗಿದ ರಬ್ಬರ್ ಚಪ್ಪಲಿ, ಒಣಗಿದ ಕೈ, ಬಳೆ ಉಂಗುರಗಳಿಲ್ಲದ ಬೆರಳು, ಹಗಲಿನ ಬೆಳಕು ಇಷ್ಟಿದ್ದರೆ ಕೆಲಸಕ್ಕೆ ಸಿದ್ಧರಾದಂತೆ.

ಮುಚ್ಚಳ ಮಾತ್ರ ಒಡೆದಿದ್ದರೆ ಅದೇ ಅಳತೆಯ ಹೊಸದನ್ನು ತಂದು ಕೂರಿಸುವುದು ಸುಲಭ. ಒಡೆದುದಕ್ಕೆ ಟೇಪು ಹಚ್ಚುವುದು ರಿಪೇರಿಯಲ್ಲ, ಮರೆಮಾಚುವಿಕೆ. ಅಂಟು ಕೆಲವು ತಿಂಗಳಲ್ಲಿ ಬಿಸಿಗೆ ಬಿಟ್ಟುಕೊಳ್ಳುತ್ತದೆ. ಕೇಡು ಮಾತ್ರ ಕಣ್ಣಿಗೆ ಕಾಣದೆ ಬೆಳೆಯುತ್ತದೆ. ಹಳೆಯ ಸ್ವಿಚ್ಚನ್ನು ತೆಗೆದುಹಾಕಿದ ಖಾಲಿ ಗುಂಡಿಯಿದ್ದರೆ ಅದನ್ನು ಖಾಲಿ ಮುಚ್ಚಳದಿಂದ ತುಂಬಿಸಬೇಕು. ಚಿಕ್ಕ ಮಕ್ಕಳ ಬೆರಳೂ ಹೇರ್‌ಪಿನ್ನೂ ಅಲ್ಲಿಗೇ ಹೋಗುವುವು.

ಬೋರ್ಡು ಅಲುಗಾಡುವುದಕ್ಕೆ ಕಾರಣ ತಿರುಪುಮೊಳೆ ಎಂದು ತೋರಿದರೆ, ಮುಚ್ಚಳವನ್ನೂ ಅದರ ಹಿಂದಿನ ಚೌಕಟ್ಟಿನ ಮೊಳೆಗಳನ್ನೂ ಬಿಚ್ಚಿ, ತಂತಿಗಳನ್ನು ಎಳೆಯದೆ ಚೌಕಟ್ಟನ್ನು ಮೆಲ್ಲಗೆ ಮುಂದಕ್ಕೆ ತಂದು ನೋಡಿರಿ. ಬಿಚ್ಚುವ ಮೊದಲೂ ಬಿಚ್ಚಿದ ಮೇಲೂ ಮೊಬೈಲಿನಲ್ಲಿ ಒಂದೊಂದು ಚಿತ್ರವನ್ನು ತೆಗೆದಿಟ್ಟುಕೊಂಡರೆ, ಎಲೆಕ್ಟ್ರಿಷಿಯನ್ನನ್ನು ಕರೆಯಬೇಕಾಗಿ ಬಂದಾಗ ಅವರಿಗೂ ಅನುಕೂಲ. ಪೆಟ್ಟಿಗೆಯ ಎರಡು ಪಕ್ಕಗಳಲ್ಲಿ ಮೊಳೆ ಕೂರುವ ಕಿವಿಗಳಿರುತ್ತವೆ. ಗೋಡೆಗೆ ಎರಡನೆಯ ಸಲ ಗಾರೆ ಬಳಿದ ಮನೆಗಳಲ್ಲಿ ಪೆಟ್ಟಿಗೆ ಹಿಂದಕ್ಕೆ ಉಳಿದು, ಮೊದಲಿನ ಮೊಳೆ ಕಿವಿಯನ್ನು ಮುಟ್ಟದೆ ಹೋಗುವುದುಂಟು. ಅದೇ ದಪ್ಪದ, ಅದೇ ಸುತ್ತಿನ, ಸ್ವಲ್ಪ ಉದ್ದವಾದ ಮೊಳೆಯಿಂದ ಕೆಲಸವಾಗುತ್ತದೆ. ಆದರೆ ಅತಿ ಉದ್ದವಾದದ್ದು ಹಿಂದಿನ ತಂತಿಯನ್ನು ಚುಚ್ಚೀತು, ಎಚ್ಚರವಿರಲಿ. ಕಿವಿಯ ಸುತ್ತುಗಳೇ ಸವೆದಿದ್ದರೆ ಅಥವಾ ಕಿವಿ ಮುರಿದಿದ್ದರೆ ಕಡ್ಡಿ, ಕಾಗದ, ಅಂಟುಗಳನ್ನು ತುರುಕುವುದರಿಂದ ಪ್ರಯೋಜನವಿಲ್ಲ. ಎಲೆಕ್ಟ್ರಿಷಿಯನ್ನನ್ನು ಕರೆಯಿಸಿ ಪೆಟ್ಟಿಗೆಯನ್ನೇ ಬದಲಾಯಿಸಿಕೊಳ್ಳಬೇಕು. ಗೋಡೆಯನ್ನು ಒಡೆಸಲು ಮನಸ್ಸಿಲ್ಲದವರು ಗೋಡೆಯ ಮೇಲೆಯೇ ಕೂರುವ ಪೆಟ್ಟಿಗೆಯನ್ನು ಹಳೆಯದರ ಮೇಲೆ ಬಿಗಿಸಿಕೊಳ್ಳಬಹುದು.

ಪೆಟ್ಟಿಗೆ ಗಟ್ಟಿಯಾಗಿದ್ದು, ಸುತ್ತಲಿನ ಗಾರೆ ಮಾತ್ರ ಉದುರಿದ್ದರೆ ಅದು ಗಾರೆಯ ಕೆಲಸ. ಚೌಕಟ್ಟನ್ನು ತಂತಿಗಳ ಸಮೇತ ಮುಂದಕ್ಕೆ ತಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಟ್ಟಿರಿ. ತಂತಿಗಳು ಒಳಬರುವ ರಂಧ್ರದ ಅಂಚಿನಲ್ಲಿ ರಬ್ಬರ್ ಅಥವಾ ಪ್ಲಾಸ್ಟಿಕ್ಕಿನ ಬಳೆ ಇದೆಯೆ, ತಂತಿಯ ಹೊದಿಕೆ ಎಲ್ಲಿಯಾದರೂ ಗೀರಿದೆಯೆ, ಹಸಿರು ತಂತಿ ತಗಡಿಗೆ ಬಿಗಿಯಾಗಿ ಸೇರಿದೆಯೆ ಎಂದು ಮೊದಲು ಕಣ್ಣಿಟ್ಟು ನೋಡಿರಿ. ಈ ಮೂರರಲ್ಲಿ ಒಂದು ತಪ್ಪಿದ್ದರೂ ಕೆಲಸವನ್ನು ಅಲ್ಲಿಗೇ ನಿಲ್ಲಿಸಿರಿ. ಇದೇ ನಮ್ಮ ಮನೆಯಲ್ಲಿ ತಪ್ಪಿದ್ದುದು. ಎಲ್ಲವೂ ಸರಿಯಾಗಿದ್ದರೆ, ಸಡಿಲವಾದ ಗಾರೆಯನ್ನೆಲ್ಲ ಕೆರೆದು ತೆಗೆದು, ಧೂಳನ್ನು ಕುಂಚದಿಂದ ಗುಡಿಸಿ, ಒದ್ದೆ ಬಟ್ಟೆಯಿಂದ ಗೋಡೆಯ ಅಂಚನ್ನು ಮಾತ್ರ ತೇವ ಮಾಡಿರಿ. ಮೊಳೆಯ ಕಿವಿಗಳಲ್ಲಿ ಗಾರೆ ಸೇರದಂತೆ ಕಾಗದದ ಸುರುಳಿಗಳನ್ನು ಸಿಕ್ಕಿಸಿರಿ. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಜರಡಿ ಹಿಡಿದ ಮರಳನ್ನು ಸೇರಿಸಿ, ಗಟ್ಟಿಯಾದ ಹಿಟ್ಟಿನ ಹದಕ್ಕೆ ಕಲಸಿ, ಪೆಟ್ಟಿಗೆಯ ನಾಲ್ಕು ಪಕ್ಕಗಳಲ್ಲಿಯೂ ಒತ್ತಿ ತುಂಬಿರಿ. ಪೆಟ್ಟಿಗೆಯ ಅಂಚು ಗೋಡೆಯ ಮುಖಕ್ಕೆ ಸಮನಾಗಿ, ನೆಟ್ಟಗೆ ನಿಂತಿರಬೇಕು. ಬೇಗ ಕಟ್ಟಿಕೊಳ್ಳುವುದೆಂದು ಅನೇಕರು ಪ್ಲಾಸ್ಟರ್ ಆಫ್ ಪ್ಯಾರಿಸ್ಸನ್ನು ಬಳಸುತ್ತಾರೆ. ತೇವವಿರುವ ಗೋಡೆಯಲ್ಲಿ ಅದು ಮೆತ್ತಗಾಗುವುದರಿಂದ ನಾವು ಅದನ್ನು ಒಪ್ಪುವುದಿಲ್ಲ. ಗಾರೆ ಗಟ್ಟಿಯಾಗುವುದಷ್ಟೇ ಸಾಲದು, ಚೆನ್ನಾಗಿ ಒಣಗಬೇಕು. ಎರಡು ದಿನಗಳಾದರೂ ಆ ಬೋರ್ಡಿನ ಎಂಸಿಬಿಯನ್ನು ಚೀಟಿಯೊಡನೆ ಇಳಿಸಿಯೇ ಇಟ್ಟಿರಬೇಕು. ಆ ಎಂಸಿಬಿ ಯಾವುದೆಂದು ಖಚಿತವಾಗಿ ತಿಳಿಯದಿದ್ದರೆ ಮನೆಯ ಮೈನನ್ನೇ ಏರಿಸಲಾಗದು. ಇದಕ್ಕಾಗಿ ಪ್ರತಿಯೊಂದು ಎಂಸಿಬಿಯ ಪಕ್ಕದಲ್ಲಿಯೂ ಅದು ಯಾವ ಕೋಣೆಯದೆಂದು ಮುಂಚೆಯೇ ಬರೆದಿಡುವುದು ಜಾಣತನ. ಒಣಗಿದ ಮೇಲೆ ಮತ್ತೆ ಮೈನನ್ನು ಇಳಿಸಿ, ಟೆಸ್ಟರಿನಿಂದ ನೋಡಿ, ತಂತಿಗಳು ಅಂಚಿಗೆ ಸಿಕ್ಕಿಕೊಳ್ಳದಂತೆ ಚೌಕಟ್ಟನ್ನು ಹಿಂದಕ್ಕೆ ಸೇರಿಸಿ ಮೊಳೆಗಳನ್ನು ಬಿಗಿಯಿರಿ.

ಹಳೆಯ ಮರದ ಪೆಟ್ಟಿಗೆಗಳಿರುವ ಮನೆಯವರಿಗೆ ಒಂದು ಮಾತು. ಗೋಡೆಯೊಳಗಿನ ಮರದ ಗೂಟಗಳು ಗೆದ್ದಲು ಹಿಡಿದು ಬೋರ್ಡು ಜೋತುಬಿದ್ದಿದ್ದರೆ ಅದನ್ನು ಹೊಸ ಮೊಳೆಯಿಂದ ಬಡಿದು ನಿಲ್ಲಿಸಬೇಡಿರಿ. ಮರ ಒಣಗಿದ ಸೌದೆ. ಒಳಗಿನ ತಂತಿಯ ಹೊದಿಕೆ ದಶಕಗಳ ಬಿಸಿಯಿಂದ ಒಣಗಿ ಪುಡಿಯಾಗಿರಬಹುದು. ಅಜ್ಜನ ಕಾಲದ ತೇಗವೆಂಬ ಅಭಿಮಾನ ಒಳ್ಳೆಯದೇ. ಆ ತೇಗವನ್ನು ಚಿತ್ರಪಟದ ಚೌಕಟ್ಟಾಗಿ ಉಳಿಸಿಕೊಂಡು, ತಂತಿಗಳಿಗೆ ಹೊಸ ಪೆಟ್ಟಿಗೆಯನ್ನು ಮಾಡಿಸಿರಿ.

ನೀರಿನ ವಿಷಯದಲ್ಲಿ ರಾಜಿಯೇ ಇಲ್ಲ. ನಮ್ಮ ಉತ್ತರ ಬೆಂಗಳೂರು ಕೆರೆಗಳ ಸೀಮೆ. 2021ರ ನವೆಂಬರಿನಲ್ಲಿಯೂ ಮತ್ತೆ 2024ರ ಅಕ್ಟೋಬರಿನಲ್ಲಿಯೂ ಯಲಹಂಕದ ಕೇಂದ್ರೀಯ ವಿಹಾರದ ಆವರಣಕ್ಕೆ ನೀರು ನುಗ್ಗಿ ನಿವಾಸಿಗಳು ಮನೆ ಬಿಟ್ಟು ಹೊರಡಬೇಕಾಯಿತೆಂಬುದನ್ನು ಎಲ್ಲರೂ ಬಲ್ಲೆವು. ಮುಳುಗಿದ ಬೋರ್ಡು ಹೊರಗೆ ಒಣಗಿದಂತೆ ಕಂಡರೂ ಒಳಗೆ ಕೆಸರೂ ತೇವವೂ ಉಳಿದಿರುತ್ತವೆ. ನೀರು ಇಳಿದೊಡನೆ ಮೈನನ್ನು ಏರಿಸುವುದು ಪ್ರಾಣಕ್ಕೆ ಎರವು. ಒದ್ದೆ ನೆಲದ ಮೇಲೆ ನಿಂತು ಮೈನನ್ನು ಮುಟ್ಟುವುದೂ ಸಲ್ಲದು. ಬೆಸ್ಕಾಂನ 1912ಕ್ಕೆ ತಿಳಿಸಿ ಹೊರಗಿನಿಂದಲೇ ಸಂಪರ್ಕವನ್ನು ತಪ್ಪಿಸಿಕೊಳ್ಳಬೇಕು. ನೀರು ಹೊಕ್ಕ ಸ್ವಿಚ್ಚು ಸಾಕೆಟ್ಟುಗಳನ್ನು ಒಣಗಿಸಿ ಬಳಸದೆ ಹೊಸದನ್ನೇ ಹಾಕಿಸಬೇಕು. ತಂತಿಗಳನ್ನು ಬಲ್ಲವರು ಪರೀಕ್ಷಿಸಿದ ಮೇಲೆಯೇ ದೀಪ ಹಚ್ಚಬೇಕು. ಪ್ರವಾಹವಿಲ್ಲದಿದ್ದರೂ ಮಹಡಿಯ ಸ್ನಾನದ ಮನೆಯಿಂದ ಸೋರುವ ನೀರು ಕೊಳವೆಯ ದಾರಿ ಹಿಡಿದು ಪೆಟ್ಟಿಗೆಗೆ ಇಳಿಯುವುದುಂಟು. ಬೋರ್ಡಿನ ಸುತ್ತ ಸುಣ್ಣ ಉಬ್ಬಿದ್ದರೆ ಮೊದಲು ಸೋರಿಕೆಯನ್ನು ನಿಲ್ಲಿಸದೆ ಪೆಟ್ಟಿಗೆಯನ್ನು ಎಷ್ಟು ಸಲ ಬದಲಾಯಿಸಿದರೂ ವ್ಯರ್ಥ.

ನಮ್ಮ ಮನೆಯಲ್ಲಿ ಎಂಸಿಬಿ ಇತ್ತು. ಅದೇಕೆ ಆಕೆಯನ್ನು ಕಾಪಾಡಲಿಲ್ಲವೆಂದು ಕೆಲವರು ಕೇಳಿದರು. ಎಂಸಿಬಿಯು ತಂತಿಯನ್ನು ಕಾಯುವ ಕಾವಲುಗಾರ, ಮನುಷ್ಯರನ್ನಲ್ಲ. 16 ಆಂಪಿಯರನ್ನು ಹೊರಬಲ್ಲ ಎಂಸಿಬಿಗೆ ಒಬ್ಬ ಮನುಷ್ಯನ ಮೂಲಕ ಹರಿಯುವ ಆಂಪಿಯರಿನ ಕಾಲು ಭಾಗ ಲೆಕ್ಕಕ್ಕೇ ಬಾರದು. ಮನುಷ್ಯರನ್ನು ಕಾಯುವುದು ಆರ್‌ಸಿಸಿಬಿ ಎಂಬ ಬೇರೊಂದು ಸಾಧನ. ಅದು ಹೋಗುವ ವಿದ್ಯುತ್ತನ್ನೂ ಹಿಂತಿರುಗುವ ವಿದ್ಯುತ್ತನ್ನೂ ಸದಾ ತೂಗಿ ನೋಡುತ್ತದೆ. 30 ಮಿಲಿಆಂಪಿಯರಿನಷ್ಟು ಬೇರೆ ದಾರಿಯಲ್ಲಿ ನೆಲಕ್ಕೆ ಸೋರಿದರೂ ಕಣ್ಣೆವೆ ಇಕ್ಕುವಷ್ಟರಲ್ಲಿ ಸಂಪರ್ಕವನ್ನು ಕಡಿಯುತ್ತದೆ. ಫೇಸು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದವರನ್ನು ಅದು ಕಾಪಾಡಲಾರದು. ಆದುದರಿಂದ ಅದಿದೆಯೆಂದು ಮೈಮರೆಯುವಂತಿಲ್ಲ. ಅದರ ಮೇಲೆ ಪರೀಕ್ಷೆಗಾಗಿ ಇಟ್ಟಿರುವ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಕರೆಂಟು ಹೋಗುವುದನ್ನು ಕಂಡು ತೃಪ್ತಿಪಟ್ಟುಕೊಳ್ಳಿರಿ.

ಎಲೆಕ್ಟ್ರಿಷಿಯನ್ನನ್ನು ಕರೆದಾಗ ಎರಡು ವಿಷಯಗಳನ್ನು ಕೇಳಲು ಹಿಂಜರಿಯಬೇಡಿರಿ. ಲೈಸೆನ್ಸು ಇದೆಯೆ ಎಂಬುದು ಒಂದು. ಪೆಟ್ಟಿಗೆಗೆ ಅರ್ತ್ ಸೇರಿದೆಯೆಂದು ತೋರಿಸಿ ಎಂಬುದು ಇನ್ನೊಂದು. “ಸದ್ಯಕ್ಕೆ ಒಂದು ಟೇಪು ಸುತ್ತಿಬಿಡಿ” ಎಂದು ನಾವೇ ಹೇಳಿ ಹಣ ಉಳಿಸಿಕೊಂಡು, ಆಮೇಲೆ ಕೆಲಸಗಾರರನ್ನು ದೂರುವುದು ನ್ಯಾಯವಲ್ಲ.

ಕೊನೆಯದಾಗಿ, ಯಾರಿಗಾದರೂ ವಿದ್ಯುತ್ತು ಹೊಡೆದರೆ ಮಾಡತಕ್ಕದ್ದನ್ನು ಮನೆಯ ಮಕ್ಕಳಿಗೂ ಕಲಿಸಿರಿ. ಹಿಡಿದುಕೊಂಡವರನ್ನು ಕೈಯಿಂದ ಎಳೆಯಬಾರದು. ಮೊದಲು ಮೈನನ್ನು ಇಳಿಸಬೇಕು. ಅದು ಆಗದಿದ್ದರೆ ಒಣಗಿದ ನೆಲದ ಮೇಲೆ ನಿಂತು ಒಣಗಿದ ಮರದ ಕೋಲಿನಿಂದ ಅವರನ್ನು ಬಿಡಿಸಬೇಕು. 108ಕ್ಕೆ ಕರೆ ಮಾಡಬೇಕು. ಉಸಿರಾಟವಿಲ್ಲದಿದ್ದರೆ ಎದೆಯ ನಡುವೆ ಎರಡು ಕೈಗಳನ್ನು ಒಂದರ ಮೇಲೊಂದಿಟ್ಟು, ನಿಮಿಷಕ್ಕೆ 100ರಿಂದ 120 ಸಲ, ಎರಡು ಅಂಗುಲದಷ್ಟು ಆಳಕ್ಕೆ, ಸಹಾಯ ಬರುವವರೆಗೂ ಬಿಡದೆ ಒತ್ತುತ್ತಿರಬೇಕು. ಎದ್ದು ಕುಳಿತು ನೀರು ಕುಡಿದರೂ ವೈದ್ಯರಿಗೆ ತೋರಿಸದೆ ಬಿಡಕೂಡದು. ಹೃದಯದ ಪೆಟ್ಟು ಹೊರಗೆ ಕಾಣುವುದಿಲ್ಲ.

ನಮ್ಮ ಮಿಷನ್ ಶಾಲೆಗಳು ಹೆಣ್ಣುಮಕ್ಕಳಿಗೆ ಅಕ್ಷರದೊಡನೆ ಹೊಲಿಗೆ, ಅಡಿಗೆ, ರೋಗಿಯ ಶುಶ್ರೂಷೆ ಮುಂತಾದ ಗೃಹಕೃತ್ಯಗಳನ್ನೂ ಕಲಿಸಿದವು. ಆ ಕಾಲದ ಮನೆಗೆ ಅವು ಸಾಕಾಗಿದ್ದವು. ಇಂದಿನ ಮನೆಯ ಗೋಡೆಗಳಲ್ಲಿ ವಿದ್ಯುತ್ತು ಹರಿಯುತ್ತಿರುವಾಗ, ಮೂರು ತಂತಿಗಳ ಹೆಸರನ್ನು ಪರೀಕ್ಷೆಯಲ್ಲಿ ಸರಿಯಾಗಿ ಬರೆದ ಹುಡುಗಿ ತನ್ನ ಮನೆಯ ಮೈನ್ ಸ್ವಿಚ್ಚು ಎಲ್ಲಿದೆಯೆಂದು ಅರಿಯದಿದ್ದರೆ ನಾವು ಕಲಿಸಿದ ವಿದ್ಯೆ ಅರ್ಧವೇ ಸರಿ. ಆದುದರಿಂದ ನಮ್ಮ ವಿಜ್ಞಾನದ ಕೋಣೆಯಲ್ಲಿ ಕರೆಂಟಿನ ಸಂಪರ್ಕವಿಲ್ಲದ ಒಂದು ಪೆಟ್ಟಿಗೆಯನ್ನು ಹಲಗೆಗೆ ಬಿಗಿದು ಇಟ್ಟಿದ್ದೇವೆ. ಹತ್ತನೆಯ ತರಗತಿಯ ಹುಡುಗಿಯರು ಅದನ್ನು ಬಿಚ್ಚಿ ಮತ್ತೆ ಜೋಡಿಸಿ ಕಲಿಯುತ್ತಾರೆ. ಸಾಮ್ಯದಲ್ಲಿನ ಬುದ್ಧಿವಂತ ಕನ್ಯೆಯರು ದೀಪದೊಡನೆ ಎಣ್ಣೆಯನ್ನೂ ಮುಂಚಿತವಾಗಿ ಸಿದ್ಧಮಾಡಿಕೊಂಡಂತೆ, ದೀಪವನ್ನು ಉಪಯೋಗಿಸುವವರು ಅದರ ಬೇರನ್ನೂ ನೋಡಿಕೊಳ್ಳಬೇಕಲ್ಲವೆ?

ನಮ್ಮ ಮನೆಯ ಹೆಂಗಸು ವಾರದ ಮೇಲೆ ಕೆಲಸಕ್ಕೆ ಬಂದಳು. ಹೊಸ ಪೆಟ್ಟಿಗೆಯನ್ನೂ ಹಸಿರು ತಂತಿಯನ್ನೂ ಆರ್‌ಸಿಸಿಬಿಯನ್ನೂ ಆಕೆಗೆ ತೋರಿಸಿದೆವು. ಆಕೆಯ ಕ್ಷಮೆಯನ್ನೂ ಕೇಳಿದೆವು. ಆಕೆ ನಕ್ಕು ಸುಮ್ಮನಾದಳು. ಆದರೂ ಆ ಗೋಡೆಯ ಬಳಿ ನೆಲ ಒರೆಸುವಾಗ ಈಗಲೂ ಸ್ವಲ್ಪ ದೂರ ಸರಿದೇ ಒರೆಸುತ್ತಾಳೆ. ಗಾರೆ ಎರಡು ದಿನಗಳಲ್ಲಿ ಒಣಗಿತು. ಆ ಭಯ ಇನ್ನೂ ಒಣಗಿಲ್ಲ. ಈ ಸಂಚಿಕೆಯನ್ನು ಕೆಳಗಿಟ್ಟೊಡನೆ ವಾಚಕರು ತಮ್ಮ ಮನೆಯ ಬೋರ್ಡುಗಳನ್ನೆಲ್ಲ ಒಂದು ಸಲ ನೋಡಿಬರಬೇಕೆಂದು ಬೇಡುತ್ತೇವೆ. ನೋಡುವುದಕ್ಕೆ ಮುಂಚೆ, ಆ ಮನೆಯನ್ನು ಬರಿಗಾಲಿನಲ್ಲಿ ನಿಂತು ಒರೆಸುವವರನ್ನು ಒಂದು ಮಾತು ಕೇಳಿರಿ. ಅವರು ಹೇಳಿದುದನ್ನು ನಂಬಿರಿ.